ನೂರ ಐವತ್ತು ಬಾಲಗಳ ಚಿತ್ರ

ಇದನ್ನು ಹೇಳಬೇಕೆಂದು ಹೊರಟು ಹಿಂದೆ ಸರಿದದ್ದು ಒಂದೆರಡು ಸಲವಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳೋಣವೆಂದುಕೊಂಡೆ, ಹೆದರಿದೆ. ನಮ್ಮ ಮಾಲೀಕರು ತೀರಿಕೊಂಡ ಮೇಲೆ ಹೇಳಿದರಾಯಿತು ಎಂದುಕೊಂಡೆ. ಅವರು ತೀರಿಕೊಂಡರು, ನಾನು ಹೇಳಲಿಲ್ಲ. ಆಮೇಲೆ, ಈಗ ಇದನ್ನೆಲ್ಲ ಕೇಳುವವರು ಯಾರಿದ್ದಾರೆ ಎಂಬ ನೆಪ ಸಿಕ್ಕಿತು. ಹೋದ ತಿಂಗಳು ಆ ನೆಪವೂ ಕೈಬಿಟ್ಟಿತು.

ದುರ್ಗದಿಂದ ಇಬ್ಬರು ಕಾಲೇಜು ಮೇಷ್ಟರು ನನ್ನನ್ನು ಹುಡುಕಿಕೊಂಡು ಚಳ್ಳಕೆರೆಗೆ ಬಂದಿದ್ದರು. ಅವರದೊಂದು ಚಿತ್ರ ಸಂಘವಿದೆಯಂತೆ. ತಲೆಬುಡವಿಲ್ಲದೆ ಕನಸಿನಂತೆ ಸಾಗುವ ಪರದೇಶದ ಹಳೆಯ ಚಿತ್ರಗಳನ್ನು ತರಿಸಿ ತೋರಿಸುತ್ತಾರೆ. ಅಂಥ ಚಿತ್ರಗಳಿಗೆ ಅವರ ಬಳಿ ದೊಡ್ಡ ದೊಡ್ಡ ಹೆಸರುಗಳಿದ್ದವು. ಮಾತು ಬರದ ಚಿತ್ರಗಳ ಕಾಲದಲ್ಲಿ ಕೈಯಲ್ಲಿ ಮಿಷನ್ ತಿರುಗಿಸಿದವರ ಪೈಕಿ ಈ ಸೀಮೆಯಲ್ಲಿ ನಾನೊಬ್ಬನೇ ಉಳಿದಿದ್ದೇನೆಂದು ಯಾರೋ ಹೇಳಿದ್ದರಂತೆ.

"ನೀವು ಓಡಿಸಿದ ವಿಚಿತ್ರ ಚಿತ್ರಗಳಲ್ಲಿ ನಿಮಗೆ ಬಹಳ ಹಿಡಿಸಿದ್ದು ಯಾವುದು, ಹೇಳ್ರಿ ಅಜ್ಜಾರೆ" ಎಂದರು.

ಒಂದು ಕೈಗವಸು ತಾನೊಂದೇ ಬೀದಿ ದಾಟಿ ಹೋಗುವ ಚಿತ್ರದ ಬಗ್ಗೆ ಹೇಳಿದೆ. ಅಂಗಡಿಯವನೊಬ್ಬ ತಕ್ಕಡಿಯಲ್ಲಿ ಮೋಡ ತೂಗಿ ಕೊಡುವ ಚಿತ್ರದ ಬಗ್ಗೆಯೂ ಹೇಳಿದೆ. ಅವರು ಪುಸ್ತಕದಲ್ಲಿ ಬರೆದುಕೊಂಡರು. ಕಾಫಿ ಕುಡಿದು ಹೋದರು.

ಹೇಳಿದ್ದು ಸುಳ್ಳಲ್ಲ, ಆದರೆ ಉತ್ತರ ಅದಲ್ಲ. ನಾನು ಕಂಡ ಅಂಥ ಚಿತ್ರಗಳಲ್ಲೆಲ್ಲ ದೊಡ್ಡದೆಂದು ನಾನು ತಿಳಿದಿರುವುದು ನಾಲ್ಕು ನಿಮಿಷಕ್ಕೂ ಕಡಿಮೆ ಇತ್ತು. ಅದನ್ನು ಮಾಡಿದಾತ ಮೊಳಕಾಲ್ಮೂರಿನ ಒಬ್ಬ ನೇಕಾರ. ನೋಡಿದವರು ಮೂರೇ ಜನ. ಅದನ್ನು ಇಲ್ಲವಾಗಿಸಿದವನು ನಾನು.

ಆಗ ನನಗೆ ಇಪ್ಪತ್ತಮೂರು ವರ್ಷ. ಹೈಸ್ಕೂಲು ಮುಗಿಸಿ, ಟೆಂಟಿನ ಬಯಾಸ್ಕೋಪು ಕಂಪನಿಯೊಂದರಲ್ಲಿ ಆಪರೇಟರ್ ಆಗಿದ್ದೆ. ಮಾಲೀಕರು ಚಳ್ಳಕೆರೆಯವರು, ಕಂಬಳಿ ವ್ಯಾಪಾರದಲ್ಲಿ ಕೈ ಪಳಗಿಸಿಕೊಂಡು ಬಯಾಸ್ಕೋಪಿಗೆ ಇಳಿದವರು. ಅವರಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷು ಬರುತ್ತಿರಲಿಲ್ಲ. ಬೆಂಗಳೂರಿನ ಏಜೆಂಟರಿಂದ ಫಿಲ್ಮಿನ ಪೆಟ್ಟಿಗೆ ಬರುವುದು ರೈಲಿನಲ್ಲಿ ದುರ್ಗದವರೆಗೆ, ಅಲ್ಲಿಂದ ಮೋಟಾರಿನಲ್ಲಿ ಚಳ್ಳಕೆರೆಗೆ. ಜೊತೆಗೆ ಬರುವ ಇಂಗ್ಲಿಷು ಕಾಗದಗಳನ್ನು ಓದಿ ಹೇಳುವುದೂ ನನ್ನ ಕೆಲಸ. ಈ ಒಂದು ಸಂಗತಿಯನ್ನು ನೆನಪಿಡಬೇಕು.

ಎಣ್ಣೆ ಎಂಜಿನ್ನಿಗೆ ಬೆಲ್ಟು ಹಾಕಿ ಡೈನಮೋ ತಿರುಗಿಸುತ್ತಿದ್ದೆವು. ಅದರ ಕರೆಂಟಿನಿಂದ ಎರಡು ಕಾರ್ಬನ್ ಕಡ್ಡಿಗಳ ತುದಿಯಲ್ಲಿ ಬೆಳಕು ಹೊತ್ತಿಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಕಡ್ಡಿಗಳನ್ನು ಹತ್ತಿರಕ್ಕೆ ಸರಿಸುತ್ತಾ ಇನ್ನೊಂದು ಕೈಯಲ್ಲಿ ಹ್ಯಾಂಡಲು ತಿರುಗಿಸಬೇಕು, ಸೆಕೆಂಡಿಗೆ ಎರಡು ಸುತ್ತು. ಕೈ ನಿಂತರೆ ಫಿಲ್ಮು ಬೆಳಕಿನ ಎದುರು ನಿಲ್ಲುತ್ತದೆ. ಆ ಕಾಲದ ಫಿಲ್ಮು ಬೆಂಕಿ ತಾಗಿದರೆ ಒಣಹುಲ್ಲಿಗಿಂತ ಬೇಗ ಉರಿಯುತ್ತಿತ್ತು.

ಚಳ್ಳಕೆರೆಯ ಕ್ಯಾಂಪಿನ ಎರಡನೇ ವಾರ ನನ್ನ ಕೈ ನಿಂತಿತು. ಗೆಳೆಯನೊಬ್ಬ ಕ್ಯಾಬಿನ್ನಿನ ಕಿಂಡಿಯ ಹತ್ತಿರ ನಿಂತು ಏನೋ ತಮಾಷೆ ಹೇಳುತ್ತಿದ್ದ. ನಾನು ನಕ್ಕೆ, ನಗುತ್ತಾ ಕೈಬಿಟ್ಟೆ. ಪರದೆಯ ಮೇಲಿದ್ದ ರಾಜನ ಮುಖದಲ್ಲಿ ಕಂದು ಗುಳ್ಳೆಯೊಂದು ಎದ್ದು ಹರಡಿತು. ಮರಳಿನ ಬಕೆಟ್ಟು ಸುರಿಯುವ ಹೊತ್ತಿಗೆ ಇನ್ನೂರೈವತ್ತು ಅಡಿಗಿಂತ ಹೆಚ್ಚು ಹೋಗಿತ್ತು. ಬೆಳಿಗ್ಗೆ ಸುಟ್ಟದ್ದನ್ನೆಲ್ಲ ಚೀಲಕ್ಕೆ ತುಂಬಿ ಕೆರೆಯಂಗಳದಲ್ಲಿ ಹೂತೆ. ಉಳಿದ ಎರಡು ತುದಿಗಳನ್ನು ಸೇರಿಸಿ ಅಂಟು ಹಾಕಿದೆ. ಮಾಲೀಕರಿಗೆ "ಒಂದು ಗೇಣು ಹೋಯ್ತು ರಿ" ಎಂದೆ. ಅವರು ನಂಬಿದರು. ಅಂದಿನಿಂದ ಯಾರು ಕ್ಯಾಬಿನ್ನಿನ ಕಡೆ ನೋಡಿದರೂ ನನ್ನನ್ನೇ ನೋಡುತ್ತಿದ್ದಾರೆ ಎನಿಸತೊಡಗಿತು.

ಆಮೇಲೆ ತಳುಕಿನ ಮೇಲೆ ಹಾದು ಮೊಳಕಾಲ್ಮೂರಿಗೆ ಹೋದೆವು. ಬಂಡೆಗುಡ್ಡದ ಬುಡದಲ್ಲಿ ಟೆಂಟು ಎದ್ದಿತು. ಹಗಲೆಲ್ಲ ಊರಿನಲ್ಲಿ ಮಗ್ಗದ ಸದ್ದು, ಸಂಜೆಯಾದರೆ ಆ ಮನೆಗಳವರೇ ಟೆಂಟಿನಲ್ಲಿ. ಮೂರನೆಯ ದಿನ ಆಟದ ನಡುವೆ ಫಿಲ್ಮು ತುಂಡಾಯಿತು. ಅಂಟಿಸಿದೆ, ಮತ್ತೆ ತುಂಡಾಯಿತು. ಜನ ಸಿಳ್ಳೆ ಹೊಡೆಯತೊಡಗಿದರು. ಆಗ ಸುಮಾರು ನಲವತ್ತರ ಒಬ್ಬಾತ ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತ.

"ಬೆವರು ಬಿಟ್ಟೈತಲ್ರಿ ನಿಮ್ ಬೆರಳು" ಎಂದ. "ಅದ್ಕೇ ಕೂಡಂಗಿಲ್ಲ. ಕೊಡ್ರಿ ಇಲ್ಲಿ."

"ನೀನ್ಯಾರಪ್ಪ?"

"ಮಗ್ಗದೋನು."

ಸೊಂಟದ ಚೀಲದಿಂದ ಚಿಟಿಕೆ ಬೂದಿ ತೆಗೆದು ಬೆರಳ ತುದಿಗೆ ಸವರಿಕೊಂಡ. ನಾನು ಹೇಳಿಕೊಟ್ಟಂತೆ ಬ್ಲೇಡಿನಿಂದ ಫಿಲ್ಮಿನ ಮೇಲಿನ ಪದರ ಕೆರೆದ, ಅಂಟು ಹಚ್ಚಿದ, ಅಂಚಿನ ತೂತಿಗೆ ತೂತು ಕೂಡಿಸಿ ಒತ್ತಿ ಹಿಡಿದ. ಬೆಳಕಿಗೆ ಹಿಡಿದು ನೋಡಿದೆ. ಸೇರಿಸಿದ ಜಾಗ ಎಲ್ಲಿದೆ ಎಂದು ಉಗುರಿನಿಂದ ಹುಡುಕಬೇಕಾಯಿತು. ಮಾರನೆಯ ದಿನವೇ ಮಾಲೀಕರು ಆತನನ್ನು ಗೊತ್ತುಮಾಡಿದರು. ಬೆಳಿಗ್ಗೆ ಮನೆಯಲ್ಲಿ ಮಗ್ಗ, ಮಧ್ಯಾಹ್ನ ನಮ್ಮಲ್ಲಿ ಫಿಲ್ಮಿನ ರಿಪೇರಿ.

ಮೊದಲ ವಾರದಲ್ಲೇ ಆತ ನನ್ನನ್ನು ಒಂದು ಮಾತು ಕೇಳಿದ. ನಾನು ಎಂಜಿನ್ನಿನ ಬೆಲ್ಟಿಗೆ ರಾಳ ಹಚ್ಚುತ್ತಿದ್ದೆ.

"ಆಪರೇಟ್ರೇ, ಒಂದು ಚಿತ್ರ ಮುಗ್ದು ವಾಪಸ್ ಹೋಗುವಾಗ ಬಾಲ ಮಿಷನ್ನಿಗೆ ಬಿಡ್ಬೇಕಲ್ರಿ?"

"ಯಾವ ಬಾಲ?"

"ಅದೇ, ರೀಲಿನ ಕೊನೇಲಿ ಒಂದು ಮೊಳ. ನಮ್ ಮಗ್ಗದಾಗೆ ಹಾಸು, ಅಂದ್ರೆ ಉದ್ದದ ಎಳೆ, ಪೂರ್ತಿ ಕೊಯ್ಯಂಗಿಲ್ಲ. ಹಳೇ ಎಳೆ ಒಂದು ಮೊಳ ಹಣಿಗೆಯೊಳಗೇ ಇರ್ಬೇಕು. ಹೊಸ ಹಾಸು ಬಂದ್ರೆ ಅದಕ್ಕೇ ಎಳೆಗೆ ಎಳೆ ಕೆಚ್ಚೋದು. ಮಗ್ಗ ಬೋಳು ಮಾಡಬಾರ್ದು."

ರಾಳ ಬೆರಳಿಗೆ ಮೆತ್ತಿಕೊಂಡಿತ್ತು. ನಾನು ತಲೆಯೆತ್ತದೆ "ಹೂಂ, ಬಿಡು ಬಿಡು" ಎಂದೆ. ಮಿಷನ್ನಿಗೆ ಯಾವ ಬಾಲವೂ ಬೇಕಿಲ್ಲ ಎಂದು ಹೇಳಲು ಎರಡು ನಿಮಿಷ ಸಾಕಿತ್ತು.

ನಮ್ಮಿಬ್ಬರಿಗೂ ಹಿಡಿಸುತ್ತಿದ್ದದ್ದು ಒಂದೇ ಬಗೆಯ ಚಿತ್ರ. ಏಜೆಂಟರು ಪುರಾಣದ ಚಿತ್ರಗಳ ಜೊತೆಗೆ ಬೇರೆಲ್ಲೂ ನಡೆಯದ ಪರದೇಶದ ತುಣುಕುಗಳನ್ನೂ ಕಳಿಸುತ್ತಿದ್ದರು. ಕೈಗವಸು, ಮೋಡದ ತಕ್ಕಡಿ ಎಲ್ಲ ಹಾಗೆ ಬಂದವು. ಪರದೆಯ ಪಕ್ಕ ನಿಂತು ಜನಕ್ಕೆ ಕಥೆ ಹೇಳುವವನು ಏನು ಹೇಳಬೇಕೆಂದು ತೋಚದೆ ಕೆಮ್ಮುತ್ತಿದ್ದ. ಜನ "ಹನುಮಂತನ್ನ ಬಿಡ್ರಲೇ!" ಎಂದು ಕೂಗುತ್ತಿದ್ದರು. ನೇಕಾರ ಮಾತ್ರ ಕಿಂಡಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

"ಮೋಡ ತೂಗಿ ಕೊಟ್ನಲ್ರಿ ಆ ಸಾಹುಕಾರ, ತೂಕದಾಗೆ ಮೋಸ ಮಾಡ್ಲಿಲ್ಲ ನೋಡ್ರಿ" ಎಂದು ಒಂದು ದಿನ ನಕ್ಕ. "ನಮ್ ಸಾಹುಕಾರ ಆಗಿದ್ರೆ ತೇವದ ತೂಕ ಅಂತ ಕಳೀತಿದ್ದ."

ಮೊಳಕಾಲ್ಮೂರಿನಲ್ಲಿ ರೇಷ್ಮೆಯ ನೂಲು ಸಾಹುಕಾರನದು. ನೇಕಾರನಿಗೆ ತೂಗಿ ಕೊಡುತ್ತಾನೆ, ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಾನೆ. ನಡುವೆ ಇರುವುದು ನಂಬಿಕೆಯೊಂದೇ. ಒಬ್ಬನ ಮೇಲೆ ಕಳ್ಳನೆಂಬ ಮಾತು ಬಂತೋ, ಆ ಊರಿನಲ್ಲಿ ಯಾವ ಸಾಹುಕಾರನೂ ಅವನಿಗೆ ಒಂದೆಳೆ ನೂಲು ಕೊಡುವುದಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮೂರು ತಿಂಗಳ ಮೇಲೆ ಏಜೆಂಟರ ಕಾಗದ ಬಂತು. ಮಾಲೀಕರು ಟೆಂಟಿನ ನೆರಳಿನಲ್ಲಿ ಮಂಚದ ಮೇಲೆ ಕುಳಿತಿದ್ದರು.

"ಓದಲೇ" ಎಂದರು.

ವಾಪಸು ಬಂದ ರೀಲುಗಳನ್ನು ಅಳೆದು ನೋಡಿದ್ದಾರೆ. ಒಟ್ಟು ಐನೂರು ಅಡಿಯಷ್ಟು ಕಡಿಮೆ ಬಿದ್ದಿದೆ. ಹೀಗೇ ಆದರೆ ಮುಂದೆ ಪೆಟ್ಟಿಗೆ ಕಳಿಸುವುದಿಲ್ಲ. ಇಷ್ಟನ್ನು ಓದಿದೆ. ಕೆಳಗೆ ಯಾವ ಚಿತ್ರದಲ್ಲಿ ಎಷ್ಟು ಕಡಿಮೆ ಎಂಬ ಪಟ್ಟಿಯಿತ್ತು. ಮೊದಲನೆಯ ಸಾಲಿನಲ್ಲೇ ಚಳ್ಳಕೆರೆಯಲ್ಲಿ ಸುಟ್ಟ ಚಿತ್ರ, ಅದೊಂದರಲ್ಲೇ ಇನ್ನೂರ ಎಪ್ಪತ್ತು ಅಡಿ. ಉಳಿದ ಚಿತ್ರಗಳಲ್ಲಿ ರೀಲಿಗೆ ಒಂದೂವರೆ ಅಡಿ, ಎಲ್ಲದರಲ್ಲೂ ಅಷ್ಟೇ. ನನ್ನ ಕಣ್ಣು ಪಟ್ಟಿಯ ಮೇಲೆ ಹೋಯಿತು, ಬಾಯಿ ಹೋಗಲಿಲ್ಲ. ಕಾಗದ ಮಡಿಚಿದೆ.

"ಅಷ್ಟೇನಾ?"

"ಅಷ್ಟೇ ರಿ."

ಮಾಲೀಕರು ಎಲೆಯಡಿಕೆ ಉಗಿದು ಬಂದು ಕುಳಿತರು. "ಬಳೆ ಮಾಡೋರು ಫಿಲ್ಮಿನ ಚೂರು ತಗೊಂತಾರಂತೆ, ಕರಗಿಸಿ ಬಣ್ಣ ಹಾಕ್ತಾರಂತೆ. ಯಾವನೋ ಮಾರ್ಕೊಂತಿದ್ದಾನೆ. ಫಿಲ್ಮು ಮುಟ್ಟೋರು ಇಬ್ಬರೇ, ನೀನು, ಆ ಮಗ್ಗದೋನು. ಒಂದು ವಾರದಾಗೆ ನಂಗೆ ಕಳ್ಳನ್ನ ತೋರ್ಸು. ಇಲ್ದಿದ್ರೆ ನೀನೇ ಕಳ್ಳ, ಗಂಟು ಕಟ್ಟು."

ಇನ್ನೂರ ಎಪ್ಪತ್ತು ಅಡಿಯ ಕಳ್ಳ ಯಾರೆಂದು ನನಗೆ ಗೊತ್ತಿತ್ತು. ಉಳಿದದ್ದರ ಕಳ್ಳನನ್ನು ಹುಡುಕಲು ಹೊರಟೆ. ಒಬ್ಬ ಕಳ್ಳ ಸಿಕ್ಕಿಬಿಟ್ಟರೆ ಎರಡನ್ನೂ ಅವನ ತಲೆಗೇ ಕಟ್ಟಬಹುದು ಎಂಬ ಲೆಕ್ಕ ಆಗಲೇ ಮನಸ್ಸಿನಲ್ಲಿ ಎದ್ದಿತ್ತೋ ಏನೋ. ಎದ್ದಿರಬೇಕು.

ಹೊಸ ಪೆಟ್ಟಿಗೆ ಬಂದ ಕೂಡಲೇ ಪ್ರತಿ ರೀಲಿನ ಕೊನೆಯಿಂದ ಎರಡು ಮೊಳದ ಉದ್ದಕ್ಕೆ, ಗೇಣಿಗೊಂದರಂತೆ ಅಂಚಿನಲ್ಲಿ ಕೆಂಪು ಶಾಯಿಯ ಚುಕ್ಕೆ ಇಟ್ಟೆ, ನಾಲ್ಕು ಚುಕ್ಕೆ. ಮೂರು ದಿನದ ಮೇಲೆ, ರೀಲುಗಳನ್ನು ವಾಪಸು ಕಟ್ಟುವ ಮುಂಚೆ, ಸುತ್ತು ಬಿಚ್ಚಿ ನೋಡಿದೆ. ಎಲ್ಲದರಲ್ಲೂ ಎರಡೇ ಚುಕ್ಕೆ ಉಳಿದಿದ್ದವು. ಕತ್ತರಿಸಿದ ಅಂಚು ನೂಲಿನಂತೆ ನೇರವಾಗಿತ್ತು. ಆ ಊರಿನಲ್ಲಿ ಅಷ್ಟು ನೇರ ಕತ್ತರಿಸಬಲ್ಲ ಕೈ ಒಂದೇ.

ಅಂದಿನಿಂದ ಆತ ಮಾಡಿದ್ದೆಲ್ಲ ನನಗೆ ಬೇರೆಯಾಗಿ ಕಂಡಿತು. ಸೊಂಟದ ಚೀಲ ಯಾಕೆ ಅಷ್ಟು ದಪ್ಪಗಿದೆ? ಬಳೆ ಮಾರುವವಳು ಟೆಂಟಿನ ಮುಂದೆ ಹಾದಾಗ ಯಾಕೆ ಮಾತಾಡಿಸಿದ? ನನಗೆ ಹುರಿದ ಶೇಂಗಾ ತಂದುಕೊಟ್ಟರೆ, ಯಾಕೆ ಕೊಟ್ಟ ಎಂದು ಯೋಚಿಸುತ್ತಾ ತಿನ್ನುತ್ತಿದ್ದೆ. ಆತ ರೀಲಿನ ಮುಂದೆ ಕುಳಿತಾಗ ಎಂಜಿನ್ನಿನ ಮರೆಯಲ್ಲಿ ನಿಂತು ನೋಡಿದೆ. ಬಾಲ ಕತ್ತರಿಸಿದ, ಕಣ್ಣಿಗೆ ಒತ್ತಿಕೊಂಡ, ಚೀಲಕ್ಕೆ ಹಾಕಿಕೊಂಡ. ಕಣ್ಣಿಗೆ ಒತ್ತಿಕೊಂಡದ್ದನ್ನೂ ನಾನು ನಾಟಕವೆಂದೇ ತಿಳಿದೆ.

ಕೈಯಲ್ಲಿ ಹಿಡಿದು ತೋರಿಸುವ ಸಾಕ್ಷಿ ಬೇಕಿತ್ತು. ಮಾರನೆಯ ದಿನ ಆತನ ಮನೆಗೆ ಹೋದೆ.

ಕೆಳಗಿಳಿದು ಕೂರುವ ಗುಂಡಿ ಮಗ್ಗ, ನೆತ್ತಿಯ ಮೇಲೊಂದು ಬೆಳಕಿಂಡಿ. ಮಧ್ಯಾಹ್ನವಾದರೂ ಅಲ್ಲಿಂದ ಬೀಳುವ ಬೆಳಕಿನ ಕೋಲು ಬಿಟ್ಟರೆ ಉಳಿದದ್ದೆಲ್ಲ ಕತ್ತಲು. ಆತನ ಅವ್ವ ಬೂದಿಯ ಬಟ್ಟಲು ಇಟ್ಟುಕೊಂಡು ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳಿಗೆ ಒಂದೊಂದಾಗಿ ಹೊಸೆದು ಕೂಡಿಸುತ್ತಿದ್ದರು. ಮನೆಯ ಮಾತು ತೆಲುಗು. "ಕೂಚೋ ನಾಯನಾ" ಎಂದು ಮಣೆ ತೋರಿಸಿದರು. ನಾನು ಕುಳಿತೆ.

"ಬಾಲ ಎಲ್ಲಿಟ್ಟಿದ್ದೀಯಾ?" ಎಂದು ನೇರವಾಗಿಯೇ ಕೇಳಿದೆ. ಆತ ಬೆಚ್ಚುತ್ತಾನೆ ಎಂದುಕೊಂಡಿದ್ದೆ. ಮುಖ ಅರಳಿತು.

"ನೀವೇ ಕೇಳ್ತೀರಂತ ಕಾಯ್ತಿದ್ದೆ ನೋಡ್ರಿ!"

ಗೂಟದಿಂದ ನೂಲಿನ ರಾಟೆಯೊಂದನ್ನು ಇಳಿಸಿದ. ಅದಕ್ಕೆ ಫಿಲ್ಮು ಸುತ್ತಿತ್ತು. ಒಂದು ಬಾಲಕ್ಕೆ ಇನ್ನೊಂದು ಬಾಲ ಕೂಡಿಸಿ, ಕೂಡಿಸಿ, ಒಂದೇ ಉದ್ದ.

"ಮೊದಲು ಬಂದಂಗೇ ಕೆಚ್ಚಿದ್ದೆ ರಿ. ಒಂದಿನ ಬೆಳಕಿಗೆ ಹಿಡಿದು ನೋಡ್ದೆ. ಒಂದು ರೀಲಿನಾಗೆ ಕೈ ಎತ್ತಿದ್ದು ಇನ್ನೊಂದು ರೀಲಿನಾಗೆ ಇಳೀತೈತೆ ಅನ್ನಿಸ್ತು. ಆಮೇಲೆ ಎಲ್ಲಾ ಬಿಚ್ಚಿ ಅಂಚಿನ ಲೆಕ್ಕದಾಗೆ ಕೂಡ್ಸಿದೆ. ಇದು ಓಡಿದ್ರೆ ಹೆಂಗಿರ್ತೈತೆ ಅಂತ ನಂಗೆ ಗೊತ್ತಿಲ್ಲ. ಒಂದ್ಸಲ ಓಡ್ಸಿ ತೋರಿಸ್ತೀರಾ?"

ನೇಕಾರರ ಅಂಚಿನ ಲೆಕ್ಕವೆಂದರೆ, ಇಷ್ಟು ಎಳೆಗೊಮ್ಮೆ ಅದೇ ಹೂವು ಮತ್ತೆ ಬರಬೇಕು ಎಂಬುದು. ಅದೆಲ್ಲ ನನಗೆ ಬೇಕಿರಲಿಲ್ಲ. ಓಡಿಸುವ ನೆಪದಲ್ಲಿ ಎಷ್ಟು ಉದ್ದವಿದೆಯೆಂದು ಅಳೆದುಬಿಡಬಹುದು ಎಂದುಕೊಂಡೆ. ಒಪ್ಪಿದೆ.

ನಮ್ಮಲ್ಲಿ ಕೆಟ್ಟುಬಿದ್ದ ಹಳೆಯ ಮಿಷನ್ನೊಂದಿತ್ತು. ರಿಪೇರಿಯ ನೆಪ ಹೇಳಿ ಅದರ ತಲೆಯನ್ನು ಗೋಣಿಯಲ್ಲಿ ಕಟ್ಟಿ ಮಾರನೆಯ ಮಧ್ಯಾಹ್ನ ಒಯ್ದೆ. ಎಂಜಿನ್ನಿಲ್ಲ, ಕಾರ್ಬನ್ನಿಲ್ಲ. ಸೂರ್ಯನಿದ್ದ. ಬೆಳಕಿಂಡಿಯಿಂದ ಬೀಳುವ ಬಿಸಿಲಿಗೆ ನನ್ನ ಕ್ಷೌರದ ಕನ್ನಡಿ ಹಿಡಿದು ಬೆಳಕನ್ನು ಅಡ್ಡಕ್ಕೆ ತಿರುಗಿಸಬೇಕು. ನಡುವೆ ನೀರು ತುಂಬಿದ ಗಾಜಿನ ಬುರುಡೆ. ಅದು ಬೆಳಕನ್ನು ಕೂಡಿಸಿ ಕೊಡುತ್ತದೆ, ಶಾಖವನ್ನು ತಾನು ಹೀರಿಕೊಳ್ಳುತ್ತದೆ. ಕನ್ನಡಿ ಅಲುಗದಂತೆ ಹಿಡಿಯುವವರು ಬೇಕಿತ್ತು. ಅವ್ವ ಮುಂದೆ ಬಂದರು. ಎಪ್ಪತ್ತು ದಾಟಿದ ಕೈ, ಇಡೀ ಹೊತ್ತು ಒಂದಿಷ್ಟೂ ನಡುಗಲಿಲ್ಲ. ಸುಣ್ಣ ಬಳಿದ ಗೋಡೆಯ ಮೇಲೆ ಒಂದು ಚಾಪೆಯಗಲದ ಬೆಳಕು ಬಿತ್ತು. ನಾನು ಹ್ಯಾಂಡಲು ಹಿಡಿದೆ.

ಏನು ಕಂಡೆನೆಂದು ಹೇಳುವುದು ಕಷ್ಟ. ಪ್ರತಿ ಬಾಲವೂ ಒಂದೂವರೆ ಸೆಕೆಂಡು. ರೀಲು ಕಥೆಯ ನಡುವಿನಲ್ಲೇ ಮುಗಿಯುವುದರಿಂದ ಯಾವುದಕ್ಕೂ ಕೊನೆಯಿಲ್ಲ. ರಾಜನೊಬ್ಬ ಶಾಪ ಕೊಡಲು ಕೈಯೆತ್ತುತ್ತಾನೆ, ಆ ಕೈ ಇಳಿಯುವಾಗ ಪರದೇಶದ ಹೆಂಗಸೊಬ್ಬಳು ತೊಟ್ಟಿಲು ತೂಗುತ್ತಿದ್ದಾಳೆ. ತೊಟ್ಟಿಲು ಆಚೆ ಹೋದದ್ದು ಈಚೆಗೆ ಬರುವಾಗ ದೋಣಿ. ದೋಣಿಯಿಂದ ಜಿಗಿದವನು ನೀರಿಗೆ ಬೀಳುವುದಿಲ್ಲ, ಹನುಮಂತನಾಗಿ ಹಾರುತ್ತಾನೆ, ಹಾರುತ್ತಲೇ ಇರುತ್ತಾನೆ, ಒಂದು ಬಾಗಿಲು ಮುಚ್ಚಿಕೊಳ್ಳುತ್ತದೆ. ಹತ್ತು ಬಾಲಗಳಿಗೊಮ್ಮೆ ಒಂದು ಬಾಗಿಲು. ಬೇರೆ ಬೇರೆ ಚಿತ್ರದ ಬೇರೆ ಬೇರೆ ಬಾಗಿಲುಗಳು, ಒಂದೂ ಪೂರ್ತಿ ಮುಚ್ಚುವುದಿಲ್ಲ. ಅಂಚಿನ ಹೂವಿನಂತೆ ಬರುತ್ತಿದ್ದವು. ಕೈಗವಸೂ ಬಂತು. ಬೀದಿಯ ಅಂಚಿನಲ್ಲಿ ನಿಂತು ಆಚೆ ನೋಡಿತು, ಆಚೆ ಯುದ್ಧವಿತ್ತು. ಆರನೆಯ ಬಾಗಿಲು ಮುಚ್ಚತೊಡಗಿದಾಗ ಅಳೆಯಲು ಬಂದಿದ್ದೇನೆಂಬುದನ್ನೇ ಮರೆತಿದ್ದೆ. ಕೈ ಮಾತ್ರ ಸೆಕೆಂಡಿಗೆ ಎರಡು ಸುತ್ತು ತಿರುಗಿಸುತ್ತಲೇ ಇತ್ತು.

ಚಿತ್ರ ಮುಗಿಯಿತು. ಅವ್ವ ಕನ್ನಡಿ ಇಳಿಸಿ, "ನಂಗೆ ಬೀಳೋ ಕನಸೂ ಹಿಂಗೇ ನಾಯನಾ. ಎಲ್ಲಾರೂ ಬರ್ತಾರೆ, ಯಾರೂ ಕೂತ್ಕೊಳಲ್ಲ" ಎಂದರು.

ನೇಕಾರ ಗೋಡೆಯನ್ನೇ ನೋಡುತ್ತಿದ್ದ. "ಆ ಎಂಟನೇ ಬಾಗ್ಲು ಒಂದೀಟು ಮುಂಚೆ ಬಂತು, ಅಲ್ರಾ?" ಎಂದ.

ಟೆಂಟಿಗೆ ಮರಳುವ ದಾರಿಯಲ್ಲಿ ನನಗೆ ಎಲ್ಲವೂ ತಿಳಿದಿತ್ತು. ಈತ ಮಾರುವವನಲ್ಲ. ಬಾಲ ಮಿಷನ್ನಿನ ಪಾಲು ಎಂದು ನಂಬಿ ಇಟ್ಟುಕೊಂಡಿದ್ದಾನೆ. ಆ ನಂಬಿಕೆಗೆ "ಹೂಂ, ಬಿಡು ಬಿಡು" ಎಂದವನು ನಾನು. ಮಾಲೀಕರಿಗೆ ಹೇಳಿಬಿಡೋಣ ಎಂದುಕೊಂಡೆ. ಹೇಳಿದರೆ ಅವರು ಉಳಿದ ಇನ್ನೂರ ಎಪ್ಪತ್ತು ಅಡಿ ಎಲ್ಲಿ ಎನ್ನುತ್ತಾರೆ. ಕಾಗದವನ್ನು ಬೇರೆಯವರಿಂದ ಓದಿಸುತ್ತಾರೆ. ಬಂಡೆಗುಡ್ಡದ ತಿರುವಿನಲ್ಲಿ ಅನುಮಾನ ಮತ್ತೆ ನನ್ನ ಸಹಾಯಕ್ಕೆ ಬಂತು. ಇದೇ ಆತನ ಉಪಾಯವಿರಬಹುದಲ್ಲ? ನನ್ನ ಬಾಯಿ ಮುಚ್ಚಿಸಲೆಂದೇ ತೋರಿಸಿರಬಹುದಲ್ಲ? ಇಷ್ಟು ಚಂದದ್ದನ್ನು ಮಗ್ಗದವನೊಬ್ಬ ಸುಮ್ಮನೆ ಮಾಡುತ್ತಾನೆಯೇ? ನಾನು ಕಂಡದ್ದನ್ನು ನಾನೇ ನಂಬಬಾರದೆಂದು ಅಷ್ಟು ದೂರ ನಡೆದೆ. ಟೆಂಟು ತಲುಪುವ ಹೊತ್ತಿಗೆ ನಂಬದೆ ಇರುವುದನ್ನು ಕಲಿತಿದ್ದೆ.

"ಸಿಕ್ಕಿತೇನೋ?" ಎಂದರು ಮಾಲೀಕರು.

"ಆತನ ಮನೆಯಾಗೆ ಐತೆ ರಿ. ಕಣ್ಣಾರೆ ಕಂಡೆ" ಎಂದೆ. ಒಂದಕ್ಷರವೂ ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಮಾಲೀಕರು ಫಿರ್ಯಾದು ಒಯ್ದದ್ದು ಪೊಲೀಸರ ಹತ್ತಿರಕ್ಕಲ್ಲ, ನೂಲಿನ ಸಾಹುಕಾರನ ಜಗಲಿಗೆ. ಅದು ನೂಲು ತೂಗುವ ಹೊತ್ತು. ಹತ್ತು ಹದಿನೈದು ನೇಕಾರರು ಕುಳಿತಿದ್ದರು, ನಮ್ಮಾತನೂ ಅವರ ನಡುವೆ ಇದ್ದ. ನನ್ನನ್ನು ಕಂಡು ನಕ್ಕ. ಮಾಲೀಕರು ಐನೂರು ಅಡಿಯ ಮಾತೆತ್ತಿದಾಗ ಆ ನಗು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮುಖದ ಮೇಲೇ ಉಳಿಯಿತು.

"ಐನೂರು ಅಡಿ ನಾನು ಕಾಣೆ ರಿ" ಎಂದ. "ಬಾಲ ಇಟ್ಟಿರೋದು ದಿಟ. ರೀಲಿಗೊಂದು ಮೊಳ. ಮಿಷನ್ನಿನ ಪಾಲು ಅಂತ. ಆಪರೇಟ್ರನ್ನ ಕೇಳೇ ಇಟ್ಟೆ."

ಸಾಹುಕಾರ ತಕ್ಕಡಿಯನ್ನು ಕೆಳಗಿಟ್ಟ. ಜಿಪುಣನೆಂದು ಹೆಸರಾದವನು, ಆದರೆ ಮಗ್ಗದ ಮನೆಯಲ್ಲೇ ಹುಟ್ಟಿದವನು. ಆ ಮಾತು ಅವನಿಗೂ ಅರ್ಥವಾಯಿತು.

"ಮಗ್ಗದ ಬಾಲಕ್ಕೆ ನಾವೂ ತಕ್ಕಡಿ ಹಿಡಿಯಂಗಿಲ್ಲ" ಎಂದು ಮಾಲೀಕರಿಗೆ ಹೇಳಿ ನನ್ನ ಕಡೆ ತಿರುಗಿದ. "ಏನಪ್ಪಾ ಆಪರೇಟ್ರೇ, ಓದಿದೋರು ನೀವು. ಆತ ನಿಮ್ಮನ್ನ ಕೇಳಿದ್ನಾ? ಕೇಳಿದ್ದೇ ಆದ್ರೆ ಆತನ ಮ್ಯಾಲೆ ತಪ್ಪಿಲ್ಲ. ನಾಳೆನೂ ನಾನೇ ನೂಲು ಕೊಡ್ತೀನಿ. ಹೇಳ್ರಿ."

ಜಗಲಿಯಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ಮಾಲೀಕರೂ ನೋಡಿದರು, ಅವರ ಜೇಬಿನಲ್ಲಿ ಆ ಕಾಗದವಿತ್ತು. ಕೇಳಿದ್ದ ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತು. ರಾಳ ಮೆತ್ತಿದ್ದ ಬೆರಳು, ಬೆಲ್ಟು, ಆತ ನಿಂತಿದ್ದ ಜಾಗ ಎಲ್ಲವೂ ಕಣ್ಣಮುಂದೆ ಇತ್ತು.

"ನೆನಪಿಲ್ಲ" ಎಂದೆ.

ಆತ ಆಣೆ ಇಡಲಿಲ್ಲ, ಬೈಯಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿದ. ಆಟದ ನಡುವೆ ಫಿಲ್ಮು ತುಂಡಾದಾಗ, ಎಲ್ಲಿ ತುಂಡಾಯಿತೆಂದು ಹುಡುಕುವವನು ನೋಡುವಂತೆ ನೋಡಿದ. ಆಮೇಲೆ ಎದ್ದು ಜಗಲಿಯಿಂದ ಇಳಿದ.

ಮಗ್ಗದ ಮೇಲಿದ್ದ ನೂಲನ್ನು ವಾಪಸು ತರಲು ಸಾಹುಕಾರನ ಆಳು ಕತ್ತರಿ ಹಿಡಿದು ಮುಂದೆ ಹೋದ, ಫಿಲ್ಮು ತರಲು ನಾನು ಹಿಂದೆ. ಮನೆಯಲ್ಲಿ ಅವ್ವ ಹಾಸು ಕೆಚ್ಚುವುದನ್ನು ಆಗಷ್ಟೇ ಮುಗಿಸಿದ್ದರು. ಆಳು ಹೊಸ ಹಾಸನ್ನು ಕೊಯ್ದ. ಹಣಿಗೆಯೊಳಗಿದ್ದ ಹಳೆಯ ಮೊಳವನ್ನೂ ಬಿಡಲಿಲ್ಲ, ಎಳೆದುಕೊಂಡ. ಹಣಿಗೆ ಹಲ್ಲು ಬಿಟ್ಟುಕೊಂಡು ತೂಗಿತು. ಅವ್ವ ಬೂದಿಯ ಬೆರಳುಗಳನ್ನು ಹಾಗೇ ಎತ್ತಿ ಹಿಡಿದು ನನ್ನನ್ನು ಕೇಳಿದರು, "ನುವ್ವು ಚೂಸಾವು ಕದಾ ನಾಯನಾ?" ನೀನು ನೋಡಿದ್ದೆಯಲ್ಲಪ್ಪಾ ಎಂದು. ನಾನು ಗೂಟದಿಂದ ರಾಟೆ ತೆಗೆದುಕೊಂಡು ಹೊರಗೆ ಬಂದೆ.

ಸಿಗದೆ ಉಳಿದ ಅಡಿಗಳನ್ನು ಆತ ಮಾರಿಕೊಂಡನೆಂದೇ ಮಾಲೀಕರು ತಿಳಿದರು. ಅವರ ಅಪ್ಪಣೆಯಾಯಿತು. ಎಲ್ಲವನ್ನೂ ಬಿಡಿಸಿ ಏಜೆಂಟರಿಗೆ ಕಳಿಸಬೇಕು. ಬಿಡಿಸಲು ಎರಡು ದಿನ ಹಿಡಿಯಿತು. ಆತನ ಅಂಟು ಬಿಡುವಂಥದ್ದಲ್ಲ, ಪ್ರತಿ ಜೋಡಣೆಯ ಎರಡೂ ಪಕ್ಕದಲ್ಲಿ ಒಂದೊಂದು ಚೌಕ ಬಿಟ್ಟು ಕತ್ತರಿಸಬೇಕಿತ್ತು. ಕೊನೆಯಿಂದ ಶುರುಮಾಡಿದೆ. ಅದಕ್ಕೇ ಇವತ್ತಿಗೂ ಆ ಚಿತ್ರ ನನಗೆ ಹಿಂದುಮುಂದಾಗಿ ನೆನಪಾಗುತ್ತದೆ, ಬಾಗಿಲುಗಳು ತೆರೆದುಕೊಳ್ಳುತ್ತಾ ಹೋಗುತ್ತವೆ.

ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಕತ್ತರಿಸುವಾಗ ಅಂಚು ಬೆರಳಿಗೆ ತರಿತರಿಯಾಗಿ ತಾಗಿತು. ಬೆಳಕಿಗೆ ಹಿಡಿದೆ. ಸೂಜಿಯಿಂದ ಚುಚ್ಚಿದ ಚುಕ್ಕೆಗಳು, ಮೊದಲು ಏಳು, ಒಂದು ಬೆರಳಿನ ತೆರಪು, ಆಮೇಲೆ ಮೂರು. ಏಳನೆಯ ಚಿತ್ರ, ಮೂರನೆಯ ರೀಲು. ಉಳಿದವನ್ನು ನೋಡಿದೆ. ನೂರ ಐವತ್ತರಲ್ಲೂ ಗುರುತಿತ್ತು. ಯಾವ ಬಾಲ ಎಲ್ಲಿಯದೆಂದು, ಯಾರಾದರೂ ಕೇಳಿದರೆ ಹಿಂದಿರುಗಿಸಲು ಬರುವಂತೆ. ಮಾರುವ ಕಳ್ಳ ಹಾಗೆ ಗುರುತು ಮಾಡುವುದಿಲ್ಲ. ಬ್ಲೇಡು ಕೆಳಗಿಟ್ಟೆ. ಮಾಲೀಕರು ಹತ್ತು ಹೆಜ್ಜೆಯಾಚೆ ಮಂಚದ ಮೇಲಿದ್ದರು. ಎದ್ದು ಹೋಗಿ ತೋರಿಸಿದ್ದರೆ ಸಾಕಿತ್ತು. ಬ್ಲೇಡನ್ನು ಮತ್ತೆ ಕೈಗೆತ್ತಿಕೊಂಡೆ. "ನೆನಪಿಲ್ಲ" ಎಂದದ್ದನ್ನು ಹೆದರಿಕೆಯ ಮಾತೆಂದು ಯಾರಾದರೂ ಕ್ಷಮಿಸಬಹುದೇನೋ. ಇದಕ್ಕೆ ಆ ನೆಪವೂ ಇಲ್ಲ. ಇದನ್ನು ಒಬ್ಬನೇ ಕುಳಿತು, ನಿಧಾನವಾಗಿ, ತಿಳಿದೇ ಮಾಡಿದೆ.

ಏಜೆಂಟರಿಂದ ಉತ್ತರ ಬಂತು. ಆ ರೀಲುಗಳೆಲ್ಲ ಬೇರೆ ಊರುಗಳಿಗೆ ಹೋಗಿಬಿಟ್ಟಿವೆ, ತುಂಡುಗಳನ್ನು ಬಳೆ ಮಾಡುವವರಿಗೆ ಕೊಟ್ಟಿದ್ದೇವೆ, ಇನ್ನು ಮುಂದೆ ಎಚ್ಚರವಿರಲಿ. ಆ ಕಾಗದವನ್ನು ಮಾಲೀಕರಿಗೆ ಒಂದು ಸಾಲೂ ಬಿಡದೆ ಓದಿ ಹೇಳಿದೆ.

ನೇಕಾರ ಆಮೇಲೆ ಮಗ್ಗಕ್ಕೆ ಕುಳಿತದ್ದನ್ನು ಯಾರೂ ನೋಡಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಮಾತು ಬಂದ ಚಿತ್ರಗಳು ನಮ್ಮೂರಿಗೂ ಬಂದ ಕಾಲದಲ್ಲಿ, ಚಳ್ಳಕೆರೆಯ ಎಣ್ಣೆ ಗಿರಣಿಯ ಮುಂದೆ ಶೇಂಗಾ ಚೀಲ ಇಳಿಸುತ್ತಿದ್ದ ಮುದುಕರೊಬ್ಬರು ನನ್ನನ್ನು ಕೂಗಿದರು. ತಲೆಯ ಟವಲು ಬಿಚ್ಚಿ ಕೈಗೆ ತೆಗೆದುಕೊಂಡರು.

"ಆಪರೇಟ್ರೇ, ಚೆನ್ನಾಗಿದೀರಾ?"

"ಹೂಂ."

"ಆ ಕೈಗವಸಿನ ಚಿತ್ರ ಮತ್ತೆ ಬಂತೇನ್ರಿ ಯಾವಾಗಾದ್ರೂ?"

"ಇಲ್ಲ."

"ಬಂದ್ರೆ ಹೇಳಿ ಕಳಿಸ್ರಿ. ಇಲ್ಲೇ ಗಿರಣಿಯಾಗೆ ಇರ್ತೀನಿ" ಎಂದರು. ಬೆರಳುಗಳು ಊದಿ ಒರಟಾಗಿದ್ದವು. ಎಳೆಗೆ ಎಳೆ ಹೊಸೆಯುವ ಬೆರಳುಗಳಾಗಿ ಉಳಿದಿರಲಿಲ್ಲ. ಅಂದು ನೆನಪಿಲ್ಲ ಎಂದದ್ದು ಸುಳ್ಳು ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಗಾಡಿಯವನು "ಲೇ, ಚೀಲ!" ಎಂದು ಕೂಗಿದ. ಅವರು ಟವಲು ಸುತ್ತಿಕೊಂಡು ಹೋದರು. ಗಿರಣಿ ನನ್ನ ಮನೆಯಿಂದ ಎರಡು ಬೀದಿಯಾಚೆ. ಹೋಗಲು ದಿನಾಲೂ ಆಗುತ್ತಿತ್ತು, ಹೋಗಲಿಲ್ಲ. ಕೊಂಡ್ಲಹಳ್ಳಿಯಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರೆಂದು ಆಮೇಲೆ ಕೇಳಿದೆ.

ಈ ಬರಹದ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಕೇಳಬೇಕಾದವರು ಹೋದ ಮೇಲೆ ಹೇಳುವುದು ಸುಲಭ. ಆದರೂ ಮೇಷ್ಟರೇ, ನಿಮ್ಮ ಪುಸ್ತಕದಲ್ಲಿ ಕೈಗವಸನ್ನೂ ಮೋಡದ ತಕ್ಕಡಿಯನ್ನೂ ಹೊಡೆದುಹಾಕಿ. ನನಗೆ ಬಹಳ ಹಿಡಿಸಿದ ಚಿತ್ರಕ್ಕೆ ಹೆಸರಿರಲಿಲ್ಲ. ಮಾಡಿದವರನ್ನು ಟೆಂಟಿನಲ್ಲಿ ನಾವೆಲ್ಲ ಮಗ್ಗದೋನು ಎಂದೇ ಕರೆದೆವು. ಅವರ ಹೆಸರು ಆ ದಿನ ಸಾಹುಕಾರನ ಜಗಲಿಯಲ್ಲಿ, ಮುಂದೆ ನೂಲು ಕೊಡಬಾರದೆಂದು ಕೂಗಿ ಹೇಳಿದಾಗಲೇ ನನ್ನ ಕಿವಿಗೆ ಬಿದ್ದದ್ದು. ಅದನ್ನು ಬರೆದುಕೊಳ್ಳಿ: ಪೆನ್ನೋಬಳಪ್ಪ.